ಮರಳಿ ಚಿತ್ರಿಸುವುದು ಅಪಮಾನವೇ?

ಬರೆದ ಪದ್ಯವನ್ನು ಹತ್ತು ಬಾರಿ ತಿದ್ದುವ ಕವಿಯನ್ನು ಲೋಕವು ಜಾಗರೂಕನೆಂದು ಕೊಂಡಾಡುತ್ತದೆ. ಕಟ್ಟಿದ ಗೋಡೆಯು ಓರೆಯಾಯಿತೆಂದು ತಾನಾಗಿಯೇ ಕೆಡವಿ ಮತ್ತೆ ಕಟ್ಟುವ ಗೌಂಡಿಯನ್ನು ಮನೆಯ ಯಜಮಾನನು ಪ್ರಾಮಾಣಿಕನೆಂದು ನಂಬುತ್ತಾನೆ. ತಪ್ಪಿದ ಲೆಕ್ಕವನ್ನು ಒರಸಿ ಮರಳಿ ಮಾಡುವ ಬಾಲಕನ ಬೆನ್ನನ್ನು ಉಪಾಧ್ಯಾಯನು ತಟ್ಟುತ್ತಾನೆ. ಆದರೆ ಕಾಲೇಜಿನ ವಿದ್ಯಾರ್ಥಿಯೊಬ್ಬನು ತಾನು ತೆಗೆದ ಕಿರುಚಿತ್ರದ ಒಂದು ದೃಶ್ಯವು ಸರಿಬಂದಿಲ್ಲವೆಂದು ಅದನ್ನು ಮರಳಿ ಚಿತ್ರಿಸಲು ಹೊರಟನೆಂದರೆ ಮಾತ್ರ ಮನೆಯವರ ಮುಖವು ಗಂಟಿಕ್ಕುತ್ತದೆ. “ಮೊದಲೇ ನೆಟ್ಟಗೆ ಮಾಡಬಾರದಾಗಿತ್ತೇ?” ಎಂಬ ಒಂದು ಪ್ರಶ್ನೆಯಿಂದ ಅವನ ಉತ್ಸಾಹವೆಲ್ಲವೂ ಅಡಗಿಹೋಗುತ್ತದೆ. ತಿದ್ದುಪಡಿಯು ಉಳಿದೆಲ್ಲ ವಿದ್ಯೆಗಳಲ್ಲಿ ಗುಣವಾಗಿದ್ದು ಈ ಒಂದು ವಿದ್ಯೆಯಲ್ಲಿ ಮಾತ್ರ ದೋಷವಾದುದು ಹೇಗೆ ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಈ ವಿಷಯದಲ್ಲಿ ಮೂರು ಪಕ್ಷಗಳು ಕಂಡುಬರುತ್ತವೆ. ಒಮ್ಮೆ ಚಿತ್ರಿಸಿದುದೇ ಸಾಕು, ಮರಳಿ ಹೋಗುವುದು ಕಾಲಹರಣವೆಂಬುದು ಹಿರಿಯರ ಪಕ್ಷ. ಹೇಗೆ ಚಿತ್ರಿಸಿದರೂ ಚಿಂತೆಯಿಲ್ಲ, ಎಡಿಟಿಂಗಿನಲ್ಲಿ ನೋಡಿಕೊಂಡರಾಯಿತೆಂಬುದು ತರುಣರ ಪಕ್ಷ. ಚಿತ್ರಿಸುವ ಶ್ರಮವೇ ಬೇಡ, ಇಲ್ಲದುದನ್ನು ಕೃತಕ ಬುದ್ಧಿಮತ್ತೆಯೇ ನಿರ್ಮಿಸಿಕೊಡುವುದೆಂಬುದು ಇತ್ತೀಚೆಗೆ ಹುಟ್ಟಿದ ಯಂತ್ರದ ಪಕ್ಷ. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ತೋರಿದರೂ ಮೂರರ ಬುಡವೂ ಒಂದೇ. ತಪ್ಪಿದ ಸ್ಥಳಕ್ಕೆ ಮರಳಿ ಹೋಗಿ ನಿಲ್ಲುವ ಧೈರ್ಯವನ್ನು ಮೂರೂ ಪಕ್ಷಗಳು ವಿದ್ಯಾರ್ಥಿಯಿಂದ ಕಸಿದುಕೊಳ್ಳುತ್ತವೆ.

ಬರಿಯ ತರ್ಕದಿಂದ ಪ್ರಯೋಜನವಿಲ್ಲ. ಕಣ್ಣೆದುರಿಗೆ ಒಂದು ದೃಷ್ಟಾಂತವಿರಬೇಕು. ರಾಯಚೂರಿನ ಸಮೀಪದ ಶಕ್ತಿನಗರವನ್ನು ಈ ಜಿಲ್ಲೆಯ ವಾಚಕರೆಲ್ಲರೂ ಬಲ್ಲರು. 1985ರಲ್ಲಿ ಮೊದಲ ಘಟಕವು ಆರಂಭವಾಗಿ, ಕ್ರಮೇಣ ಎಂಟು ಘಟಕಗಳಿಂದ 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಅದರ ಮುಗಿಲೆತ್ತರದ ಚಿಮಣಿಗಳು, ಪಕ್ಕದಲ್ಲಿ ಕೃಷ್ಣಾನದಿ, ನಿಜಾಮರ ಕಾಲದಲ್ಲಿ ಕಟ್ಟಿದ ಸೇತುವೆ, ಬೂದಿಯನ್ನು ಹೊತ್ತು ಸಾಗುವ ಲಾರಿಗಳು. ಇಂತಹ ಸ್ಥಳದಲ್ಲಿ ನಾಲ್ಕಾರು ವಿದ್ಯಾರ್ಥಿಗಳು ಕೂಡಿ ಹತ್ತು ನಿಮಿಷಗಳ ಕಿರುಚಿತ್ರವೊಂದನ್ನು ತೆಗೆಯುತ್ತಿರುವರೆಂದು ವಾಚಕರು ಊಹಿಸಿಕೊಳ್ಳಬಹುದು. ದೃಶ್ಯವು ಅತಿ ಸರಳವಾದುದು. ದಿನಗೂಲಿಯ ಮುದುಕನೊಬ್ಬನು ಕೆಲಸ ಮುಗಿಸಿ ಸಾಯಂಕಾಲ ನದಿಯ ದಡದ ಬಂಡೆಯ ಮೇಲೆ ಕುಳಿತಿದ್ದಾನೆ. ಮಗಳು ಅವನನ್ನು ಊಟಕ್ಕೆ ಕರೆಯಲು ಬರುತ್ತಾಳೆ. ಕಾಲೇಜಿಗೆ ಹೋಗುವ ತನ್ನ ಆಸೆಯನ್ನು ಅವಳು ಈಗಲೇ ಹೇಳಬೇಕು. ಅವನು ಉತ್ತರವನ್ನು ಕೊಡದೆ ಎದ್ದು ನಡೆಯಬೇಕು. ಇಷ್ಟೇ ದೃಶ್ಯ. ಮಗಳ ಪಾತ್ರವು ಒಬ್ಬ ವಿದ್ಯಾರ್ಥಿನಿಯದು; ಮುದುಕನ ಪಾತ್ರಕ್ಕೆ ನಿಜವಾಗಿಯೂ ಕೂಲಿಯಿಂದ ಜೀವಿಸುವ ನೆರೆಯ ಹಿರಿಯನೊಬ್ಬನನ್ನು ಬೇಡಿಕೊಂಡಿದ್ದಾರೆ.

ಚಿತ್ರೀಕರಣವು ಮುಗಿಯಿತು. ಎಲ್ಲರೂ ಹರ್ಷದಿಂದ ಮನೆಗೆ ಬಂದು ರಾತ್ರಿ ಕುಳಿತು ತುಣುಕುಗಳನ್ನು ಜೋಡಿಸತೊಡಗಿದರೆ ದೋಷಗಳು ಒಂದೊಂದಾಗಿ ಹೊರಬೀಳುತ್ತವೆ. ತಂದೆಯ ಮುಖವನ್ನು ನಾಲ್ಕು ಗಂಟೆಗೆ ಹಿಡಿದಿದೆ. ಮಗಳ ಮುಖವನ್ನು ಆರು ಗಂಟೆಗೆ. ಅವನ ನೆರಳು ಗಿಡ್ಡ, ಅವಳ ನೆರಳು ನೀಳ. ಒಂದು ಶಾಟಿನಲ್ಲಿ ಚಿಮಣಿಯ ಹೊಗೆಯು ಎಡಕ್ಕೆ ವಾಲಿದೆ, ಮುಂದಿನದರಲ್ಲಿ ಗಾಳಿಯು ತಿರುಗಿ ಬಲಕ್ಕೆ ವಾಲಿದೆ. ಇದಕ್ಕಿಂತಲೂ ಕೆಟ್ಟ ದೋಷವು ನೋಟದ್ದು. ಎದುರುಬದುರಾಗಿ ಮಾತಾಡುವ ಇಬ್ಬರ ನಡುವೆ ಒಂದು ಗೆರೆಯನ್ನು ಭಾವಿಸಿ ಕ್ಯಾಮೆರಾವು ಆ ಗೆರೆಯ ಒಂದೇ ಮಗ್ಗುಲಲ್ಲಿ ನಿಲ್ಲಬೇಕೆಂಬುದು ಈ ವಿದ್ಯೆಯ ಪ್ರಥಮ ಪಾಠ. ಗೆರೆಯನ್ನು ಅರಿಯದೆ ದಾಟಿದರೆ ತೆರೆಯ ಮೇಲೆ ತಂದೆಯೂ ಬಲಕ್ಕೆ ನೋಡುತ್ತಾನೆ, ಮಗಳೂ ಬಲಕ್ಕೆ ನೋಡುತ್ತಾಳೆ. ಇಬ್ಬರೂ ಕಾಣದ ಮೂರನೆಯವನೊಡನೆ ಸಂಭಾಷಿಸುವಂತೆ ತೋರುತ್ತದೆ. ಚಿತ್ರವನ್ನು ಯಂತ್ರದಲ್ಲಿ ಎಡಬಲ ತಿರುಗಿಸಿದರೆ ನೋಟವೇನೋ ಸರಿಹೋದೀತು. ಆದರೆ ಅಂಗಿಯ ಜೇಬು ಎಡಗಡೆಯಿಂದ ಬಲಗಡೆಗೆ ಹಾರುವುದು, ಹಿಂದಿನ ಹಲಗೆಯ ಮೇಲಿನ ಅಕ್ಷರಗಳು ಕನ್ನಡಿಯೊಳಗಿನ ಅಕ್ಷರಗಳಾಗುವುವು. ಇನ್ನು ಧ್ವನಿಯ ಸ್ಥಿತಿ: ಒಂದು ಮಾತಿನ ಹಿಂದೆ ಲಾರಿಯ ಹಾರ್ನು, ಮತ್ತೊಂದರ ಹಿಂದೆ ಗಾಳಿಯ ಬಡಿತ, ಮೂರನೆಯದರ ಹಿಂದೆ ಸ್ಮಶಾನಮೌನ. ಅವನ್ನು ಒತ್ತೊತ್ತಾಗಿ ಇಟ್ಟರೆ ಪ್ರತಿ ಮಾತಿನ ನಡುವೆಯೂ ಹೊಲಿಗೆಯು ಹರಿದುಹೋದಂತೆ ಕೇಳಿಸುತ್ತದೆ.

ಈ ದೋಷಗಳೆಲ್ಲವೂ ಕಣ್ಣು ಕಿವಿಗಳಿಗೆ ಸಂಬಂಧಪಟ್ಟವು. ಇವೆಲ್ಲಕ್ಕಿಂತ ದೊಡ್ಡ ದೋಷವೊಂದಿದೆ. ಅದು ಯಾರ ಕಣ್ಣಿಗೂ ಬೀಳದೆ, ದೃಶ್ಯದ ಅತ್ಯುತ್ತಮವಾದ ಟೇಕಿನಲ್ಲಿಯೇ ಅಡಗಿರುತ್ತದೆ. ಬೆಳಕು ಸರಿಯಾಗಿದೆ, ನೋಟ ಸರಿಯಾಗಿದೆ, ಧ್ವನಿಯೂ ಶುದ್ಧವಾಗಿದೆ. ಆದರೆ ಮಗಳು ಹೇಳುತ್ತಾಳೆ: “ತಂದೆಯವರೇ, ಹೊತ್ತಾಯಿತು, ಊಟಕ್ಕೆ ಬನ್ನಿ.” ಮುದುಕನು ಪಾಠವನ್ನೊಪ್ಪಿಸುವ ಬಾಲಕನಂತೆ ಬಿಗಿದ ಕೊರಳಿನಿಂದ ಪುಸ್ತಕದ ಉತ್ತರವನ್ನು ಕೊಡುತ್ತಾನೆ. ಕೃಷ್ಣೆಯ ದಡದಲ್ಲಿ ಯಾವ ಕೂಲಿಕಾರನ ಮಗಳು ಹೀಗೆ ಮಾತಾಡಿದ್ದಾಳೆ? ದೂರದ ನಗರದ ಸ್ಪರ್ಧೆಯಲ್ಲಿ ತೀರ್ಪುಗಾರರು ನಕ್ಕಾರೆಂಬ ಅಂಜಿಕೆಯಿಂದ ಆ ಮಾತನ್ನು ಹಾಗೆ ಬರೆಯಲಾಗಿತ್ತು. ಸಾಮಾನುಗಳನ್ನು ಕಟ್ಟಿ, ಕ್ಯಾಮೆರಾವನ್ನು ನಿಲ್ಲಿಸಿದ ಮೇಲೆ ಅದೇ ಮುದುಕನು ಅದೇ ಹುಡುಗಿಯನ್ನು ನೋಡಿ, “ಯವ್ವಾ, ಹೊತ್ತಾಗ್ಯಾದ, ನಡಿ ಇನ್ನ ಉಣ್ಣಾಕ” ಎನ್ನುತ್ತಾನೆ. ಇಡೀ ದಿನ ಹುಡುಕಿದ ದೃಶ್ಯವು ಆ ಒಂದು ವಾಕ್ಯದಲ್ಲಿತ್ತು. ಆದರೆ ಅದನ್ನು ಹಿಡಿಯಲು ಆಗ ಕ್ಯಾಮೆರಾವು ತೆರೆದಿರಲಿಲ್ಲ. ಈಗ ವಿದ್ಯಾರ್ಥಿಗಳು ಮರಳಿ ಹೋಗಬೇಕೋ ಬೇಡವೋ? ಪ್ರಕೃತ ವಿವಾದದ ತಿರುಳು ಇದೇ.

ಹೋಗಲೇಬೇಕೆಂಬುದು ಶಾಸ್ತ್ರಸಮ್ಮತವಾದ ಉತ್ತರ. ಅದಕ್ಕೆ ಪಶ್ಚಿಮದ ಗ್ರಂಥಗಳನ್ನು ಹುಡುಕಬೇಕಾಗಿಲ್ಲ. ಯಾವ ಪಾತ್ರವು ಯಾವ ಭಾಷೆಯನ್ನಾಡಬೇಕೆಂಬುದನ್ನು ನಾಟ್ಯಶಾಸ್ತ್ರವು ಪ್ರತ್ಯೇಕವಾಗಿಯೇ ವಿಧಿಸಿದೆ. ಶೂದ್ರಕನ ಮೃಚ್ಛಕಟಿಕವು ಒಂದೇ ನಾಟಕದಲ್ಲಿ ಹಲವು ಪ್ರಾಕೃತಗಳನ್ನು ತಾಳಿಕೊಂಡಿದೆ. ಅದರಿಂದ ಅದರ ಗೌರವಕ್ಕೆ ಕುಂದು ಬಂದಿಲ್ಲ. ಅನೌಚಿತ್ಯದಷ್ಟು ರಸಭಂಗಕ್ಕೆ ಕಾರಣವಾದುದು ಬೇರೊಂದಿಲ್ಲವೆಂಬುದು ಆನಂದವರ್ಧನನ ಅಭಿಪ್ರಾಯ. ಕ್ಷೇಮೇಂದ್ರನು ಔಚಿತ್ಯಕ್ಕಾಗಿಯೇ ಒಂದು ಗ್ರಂಥವನ್ನು ಮೀಸಲಿಟ್ಟನು. ಕನ್ನಡದಲ್ಲಿ ದೊರೆತ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವು 9ನೆಯ ಶತಮಾನದಷ್ಟು ಹಿಂದೆಯೇ ಕನ್ನಡದ ನುಡಿಗಳು ಬಗೆಬಗೆಯಾಗಿರುವುದನ್ನು ಗುರುತಿಸಿತು. ಆ ಗ್ರಂಥವು ಹುಟ್ಟಿದ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು ಈ ಸೀಮೆಗೆ ದೂರದ್ದಲ್ಲ. ವಿಜಯದಾಸರ ಚೀಕಲಪರ್ವಿಯೂ ಜಗನ್ನಾಥದಾಸರ ಬ್ಯಾಗವಟ್ಟೂ ಮಾನ್ವಿಯ ಮಡಿಲಿನವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಇಂತಹ ನೆಲದ ಮಕ್ಕಳು ತಮ್ಮ ಮನೆಯ ಮಾತನ್ನು ತೆರೆಯ ಮೇಲೆ ತರಲು ನಾಚುವರೆಂದರೆ ಆ ನಾಚಿಕೆಯನ್ನು ಕಲಿಸಿದವರು ಹಿರಿಯರೇ ಅಲ್ಲವೇ? ಮರುಚಿತ್ರೀಕರಣಕ್ಕೆ ಅಡ್ಡಬರುವ ಹಿರಿಯರು ಒಂದು ದಿನದ ಖರ್ಚನ್ನು ಉಳಿಸಿದರೆಂದು ತಿಳಿಯುತ್ತಾರೆ. ಸುಳ್ಳು ಮಾತೊಂದಕ್ಕೆ ಶಾಶ್ವತವಾದ ಮುದ್ರೆಯನ್ನೊತ್ತಿದರೆಂದು ತಿಳಿಯುವುದಿಲ್ಲ.

ಇನ್ನು ಖರ್ಚಿನ ಮಾತು. ಸುರುಳಿಯ ಫಿಲ್ಮಿನ ಕಾಲದಲ್ಲಿ ಈ ಆಕ್ಷೇಪಕ್ಕೆ ನಿಜವಾದ ತೂಕವಿತ್ತು. 35 ಮಿಲಿಮೀಟರಿನ 1000 ಅಡಿಯ ಸುರುಳಿಯು ಸುಮಾರು 11 ನಿಮಿಷಗಳಲ್ಲಿ ಮುಗಿದುಹೋಗುತ್ತಿತ್ತು. ಒಂದೊಂದು ಅಡಿಗೂ ಹಣ ತೆರಬೇಕಾಗಿತ್ತು. ಅಂತಹ ಕಾಲದಲ್ಲಿಯೂ ದೊಡ್ಡವರು ಮಾಡಿದುದೇನು? ಚಾರ್ಲಿ ಚಾಪ್ಲಿನ್ನನು 1931ರಲ್ಲಿ ತೆರೆಕಂಡ ‘ಸಿಟಿ ಲೈಟ್ಸ್’ ಚಿತ್ರದಲ್ಲಿ ಕುರುಡಿಯಾದ ಹೂವಾಡಗಿತ್ತಿಯು ಬಡ ಅಲೆಮಾರಿಯನ್ನು ಧನಿಕನೆಂದು ಭ್ರಮಿಸುವ ದೃಶ್ಯವನ್ನು ಮತ್ತೆ ಮತ್ತೆ ಚಿತ್ರಿಸಿದನು. ಆ ಲೆಕ್ಕವು 342 ಎಂದು ಪ್ರಸಿದ್ಧವಾಗಿದೆ. ಅವನಿಗೆ ಕಾಡಿದುದು ಬೆಳಕಿನ ಸಮಸ್ಯೆಯಲ್ಲ, ಅರ್ಥದ ಸಮಸ್ಯೆ. ಕಣ್ಣಿಲ್ಲದವಳು ಅವನನ್ನು ಧನಿಕನೆಂದು ನಂಬುವುದು ಯಾವುದರಿಂದ? ಕಡೆಗೆ, ನಿಂತಿದ್ದ ಮೋಟಾರಿನ ಬಾಗಿಲು ಮುಚ್ಚಿದ ಸದ್ದಿನಿಂದ ಎಂಬ ಪರಿಹಾರವು ಹೊಳೆಯಿತು. ಮೂಕಚಿತ್ರವೊಂದರ ಗಂಟು ಕೇಳಿಸದ ಒಂದು ಸದ್ದಿನಿಂದ ಬಿಚ್ಚಿತು! ಮೊದಲ ದಿನದ ಟೇಕಿಗೇ ತೃಪ್ತನಾಗಿದ್ದರೆ ಈ ಹೊಳಹು ಅವನಿಗೆ ದೊರೆಯುತ್ತಿತ್ತೇ?

ಭಾರತದಲ್ಲಿಯೇ ದೃಷ್ಟಾಂತ ಬೇಕೆನ್ನುವವರಿಗೆ ಸತ್ಯಜಿತ್ ರಾಯ್ ಇದ್ದಾರೆ. ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣವನ್ನು ಅವರು 1952ರ ಅಕ್ಟೋಬರ್ 27ರಂದು ಬಿಳಿಯ ಕಾಶಪುಷ್ಪಗಳ ಬಯಲಿನಲ್ಲಿ ತೊಡಗಿದರು. ಅರ್ಧ ದೃಶ್ಯವು ಮುಗಿಯಿತು. ಉಳಿದುದನ್ನು ತೆಗೆಯಲು ಕೆಲವು ದಿನಗಳ ಮೇಲೆ ಮರಳಿ ಹೋದಾಗ ದನಗಳು ಆ ಹೂವುಗಳನ್ನೆಲ್ಲ ಮೇಯ್ದುಬಿಟ್ಟಿದ್ದವು. ಬೇರೆ ಬಯಲಿನಲ್ಲಿ ಹೇಗೋ ಮುಗಿಸಿ ಜೋಡಿಸಬಹುದಾಗಿತ್ತು. ಹಾಗೆ ಮಾಡದೆ, ಹೂವು ಮರಳಿ ಅರಳುವ ಮುಂದಿನ ವರ್ಷದ ಋತುವಿಗಾಗಿ ಅವರು ಕಾದರು. ಕೈಯಲ್ಲಿ ಹಣವಿಲ್ಲದೆ ವಿಮೆಯ ಪಾಲಿಸಿಯನ್ನೂ ಹೆಂಡತಿಯ ಒಡವೆಗಳನ್ನೂ ಒತ್ತೆಯಿಟ್ಟಿದ್ದವರು ಒಂದು ವರ್ಷ ಕಾಯಬಲ್ಲವರಾದರೆ, ಮೊಬೈಲನ್ನೇ ಕ್ಯಾಮೆರಾ ಮಾಡಿಕೊಂಡು ಫಿಲ್ಮಿನ ಖರ್ಚೇ ಇಲ್ಲದ ಇಂದಿನ ವಿದ್ಯಾರ್ಥಿಗೆ ಒಂದು ಭಾನುವಾರವನ್ನು ಕೊಡಲು ಮನೆಯವರಿಗೆ ಆಗದೇ?

ಆದರೆ ಪ್ರತಿವಾದಿಯು ಇಲ್ಲಿ ಒಂದು ಬಲವಾದ ಉದಾಹರಣೆಯನ್ನು ಮುಂದಿಡುವನು. ಮೈಸೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಪುಣೆಯ ಚಲನಚಿತ್ರ ಸಂಸ್ಥೆಗೆ ಹೋದ ಚಿದಾನಂದ ಎಸ್. ನಾಯ್ಕ್ ಅವರು ಕೋಳಿಯನ್ನು ಕದ್ದ ಅಜ್ಜಿಯ ಕನ್ನಡದ ಜನಪದ ಕಥೆಯನ್ನಾಧರಿಸಿ ತೆಗೆದ, ಸುಮಾರು 16 ನಿಮಿಷಗಳ ‘ಸನ್‌ಫ್ಲವರ್ಸ್ ವೇರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ವಿದ್ಯಾರ್ಥಿ ಚಿತ್ರವು 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನವನ್ನು ಪಡೆಯಿತು. ಅದರ ಚಿತ್ರೀಕರಣಕ್ಕೆ ದೊರೆತ ಅವಧಿಯು ನಾಲ್ಕೇ ದಿನ. “ನಾಲ್ಕು ದಿನಗಳಲ್ಲಿ ಲೋಕಮಾನ್ಯವಾದ ಚಿತ್ರವಾಗುವುದಾದರೆ ಇವರಿಗೇಕೆ ಎರಡನೆಯ ಭೇಟಿ?” ಎಂಬುದು ಪ್ರಶ್ನೆ. ಇದಕ್ಕೆ ಸಮಾಧಾನವು ಸುಲಭ. ಅಲ್ಲಿ ನಿರ್ದೇಶನಕ್ಕೊಬ್ಬರು, ಛಾಯಾಗ್ರಹಣಕ್ಕೊಬ್ಬರು, ಧ್ವನಿಗೊಬ್ಬರು, ಸಂಕಲನಕ್ಕೊಬ್ಬರು. ಎಲ್ಲರೂ ಆಯಾ ವಿದ್ಯೆಯನ್ನೇ ಅಭ್ಯಾಸ ಮಾಡಿದವರು. ಬೆನ್ನ ಹಿಂದೆ ಗುರುಗಳು. ಅವರು ತಪ್ಪುವುದನ್ನೂ ತಿದ್ದುವುದನ್ನೂ ಮೊದಲ ಅಭ್ಯಾಸಗಳಲ್ಲಿಯೇ ಮಾಡಿ ಮುಗಿಸಿ ಆ ನಾಲ್ಕು ದಿನಗಳಿಗೆ ಬಂದರು. ಶಕ್ತಿನಗರದ ಹುಡುಗನಿಗೆ ಮೊದಲ ಚಿತ್ರವೇ ಅಭ್ಯಾಸ, ಎರಡನೆಯ ಭೇಟಿಯೇ ಗುರು. ಅದನ್ನೂ ತಪ್ಪಿಸಿದರೆ ಅವನಿಗೆ ಕಲಿಸುವವರು ಯಾರು?

ಸಿನಿಮಾ ಎಂಬುದೇ ಹಗುರವಾದ ಹವ್ಯಾಸ, ಅದರಲ್ಲಿ ಇಷ್ಟು ನಿಷ್ಠೆಯೇಕೆ ಎನ್ನುವವರೂ ಉಂಟು. ಗಿರೀಶ ಕಾಸರವಳ್ಳಿಯವರು ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತೆಗೆದ ‘ಅವಶೇಷ’ವು ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು, 1977ರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲವು ದೊರೆಯಿತು. ಮಲೆನಾಡಿನ ಹೆಗ್ಗೋಡಿನಂತಹ ಹಳ್ಳಿಯಲ್ಲಿ ನೀನಾಸಮ್ 1973ರಲ್ಲಿಯೇ ಚಿತ್ರಸಮಾಜವನ್ನು ಕಟ್ಟಿ ಲೋಕದ ಶ್ರೇಷ್ಠ ಚಿತ್ರಗಳನ್ನು ರೈತರ ಮುಂದಿಟ್ಟಿತು. ಹಗುರವಾಗಿ ಕಂಡವರಿಗೆ ಅದು ಹಗುರ. ನಿಷ್ಠೆಯಿಂದ ಕಂಡವರಿಗೆ ಅದು ಕಾವ್ಯ.

ಈಗ ತರುಣರ ಪಕ್ಷವನ್ನು ನೋಡಬೇಕು. “ಎಡಿಟಿಂಗಿನಲ್ಲಿ ನೋಡಿಕೊಳ್ಳೋಣ” ಎಂಬ ಮಾತು ಅವರ ನಾಲಗೆಯ ಮೇಲೆ ಮಂತ್ರದಂತೆ ನಿಂತಿದೆ. ಸಂಕಲನದ ಶಕ್ತಿಯು ಅಪಾರವೆಂಬುದು ನಿಜ. 1920ರ ಸುಮಾರಿಗೆ ಮಾಸ್ಕೋದಲ್ಲಿ ಲೆವ್ ಕುಲೆಶೊವ್ ಎಂಬ ಉಪಾಧ್ಯಾಯನು, ಹೊಸ ಫಿಲ್ಮು ದುರ್ಲಭವಾಗಿದ್ದ ದಿನಗಳಲ್ಲಿ, ಹಳೆಯ ತುಣುಕುಗಳನ್ನೇ ಕತ್ತರಿಸಿ ಕೂಡಿಸಿ ಶಿಷ್ಯರಿಗೆ ಪಾಠ ಹೇಳಿದನು. ನಟನೊಬ್ಬನ ಒಂದೇ ನಿರ್ವಿಕಾರವಾದ ಮುಖದ ಪಕ್ಕದಲ್ಲಿ ಸಾರಿನ ತಟ್ಟೆಯನ್ನಿಟ್ಟರೆ ನೋಡುವವರಿಗೆ ಹಸಿವು ಕಂಡಿತು. ಶವಪೆಟ್ಟಿಗೆಯನ್ನಿಟ್ಟರೆ ಶೋಕ ಕಂಡಿತು. ಆಡುವ ಮಗುವನ್ನಿಟ್ಟರೆ ವಾತ್ಸಲ್ಯ ಕಂಡಿತು. ಮುಖವು ಬದಲಾಗಲಿಲ್ಲ, ನೆರೆಯು ಬದಲಾಯಿತು. ಆದರೆ ಈ ಪ್ರಯೋಗದಿಂದ ತರುಣರು ಕಲಿಯುವ ಪಾಠವು ತಲೆಕೆಳಗಾಗಿದೆ. ಜೋಡಣೆಯಿಂದ ಅರ್ಥವು ಹುಟ್ಟುವುದೆಂದು ಕುಲೆಶೊವ್ ತೋರಿಸಿದನು. ಜೋಡಿಸಲು ಬೇಕಾದ ತುಣುಕೇ ಇಲ್ಲದಿದ್ದರೂ ಅರ್ಥವು ಹುಟ್ಟುವುದೆಂದು ಅವನು ತೋರಿಸಲಿಲ್ಲ. ಮಗಳ ಮಾತಿನ ಬಳಿಕ ಮುದುಕನು ಮೌನವಾಗಿರುವ ಮುಖವನ್ನು ಹಿಡಿಯದಿದ್ದರೆ ಯಾವ ಕತ್ತರಿಯು ಅದನ್ನು ತಂದೀತು? ನದಿಯ ಬರಿಯ ಸದ್ದನ್ನು ಒಂದು ನಿಮಿಷ ಮುದ್ರಿಸಿಕೊಂಡಿದ್ದರೆ ಮಾತುಗಳ ನಡುವಿನ ಹರಕನ್ನು ಅದರಿಂದ ಮುಚ್ಚಬಹುದಾಗಿತ್ತು; ಮುದ್ರಿಸಿಕೊಳ್ಳದವನು ಏನಿಂದ ಮುಚ್ಚಿಯಾನು?

ಸಂಕಲನದ ನಿಜವಾದ ತತ್ತ್ವವನ್ನು ಪ್ರಾಚೀನರು ಕಾವ್ಯಕ್ಕಾಗಿ ಹೇಳಿಟ್ಟಿದ್ದಾರೆ. 8ನೆಯ ಶತಮಾನದ ಕಾಶ್ಮೀರದ ವಾಮನನು ಕವಿಯ ಕೆಲಸದಲ್ಲಿ ಆಧಾನ, ಉದ್ಧರಣ ಎಂಬ ಎರಡನ್ನು ಹೇಳುತ್ತಾನೆ. ಪದವನ್ನು ಇಡುವುದು ಆಧಾನ, ಇಟ್ಟುದನ್ನು ಕಿತ್ತುವುದು ಉದ್ಧರಣ. ಮನಸ್ಸು ತೂಗಾಡುತ್ತಿರುವವರೆಗೂ ಇಡುವುದೂ ಕಿತ್ತುವುದೂ ನಡೆಯುತ್ತಲೇ ಇರಬೇಕು. ಇನ್ನೊಂದು ಪದವನ್ನು ಸಹಿಸದಷ್ಟು ಪದವು ನೆಲೆನಿಂತಾಗ ಕಾವ್ಯವು ಪಕ್ವವಾಯಿತೆಂದು ಅವನ ಮತ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಈ ಮತವನ್ನು ಎತ್ತಿಕೊಂಡು, ಇದಕ್ಕೆ ತನ್ನ ಪತ್ನಿಯಾದ ಅವಂತಿಸುಂದರಿಯ ಆಕ್ಷೇಪವನ್ನೂ ಗೌರವದಿಂದ ನಮೂದಿಸುತ್ತಾನೆ. ಮಹಾಕವಿಗಳಲ್ಲಿ ಒಂದೇ ವಸ್ತುವಿಗೆ ಹಲವು ಪಾಠಗಳೂ ಪಕ್ವವಾಗಿರಬಲ್ಲವು. ಆದುದರಿಂದ ರಸಕ್ಕೆ ತಕ್ಕುದಾದ ರಚನೆಯೇ ಪಾಕವೆಂದು ಆ ವಿದುಷಿಯ ಅಭಿಪ್ರಾಯ. ಸಂಕಲನದ ಮೇಜಿನ ಮುಂದೆ ಕುಳಿತವನಿಗೆ ಇದಕ್ಕಿಂತ ಉತ್ತಮವಾದ ಸೂತ್ರವಿಲ್ಲ. ಐದು ಟೇಕುಗಳಲ್ಲಿ ಯಾವುದನ್ನು ಆರಿಸಬೇಕು? ನುಣುಪಾದುದನ್ನಲ್ಲ, ರಸಕ್ಕೆ ತಕ್ಕುದನ್ನು. ಮುದುಕನು ಮಾತಿನ ನಡುವೆ ತುಸು ತಡವರಿಸಿದ ಟೇಕು ತಡವರಿಸದ ಟೇಕಿಗಿಂತ ಮೇಲಾಗಿರಬಹುದು. ಇನ್ನು ಉದ್ಧರಣದ ಮಾತು: ಚಿತ್ರಿಸಲು ಅರ್ಧ ದಿನ ಹಿಡಿದ ಸೂರ್ಯಾಸ್ತದ ಸುಂದರವಾದ ಶಾಟು ದೃಶ್ಯಕ್ಕೆ ಬೇಡವಾದರೆ ಅದನ್ನು ಕಿತ್ತು ಒಗೆಯಬೇಕು. ಪಟ್ಟ ಶ್ರಮವು ಉಳಿಸಿಕೊಳ್ಳಲು ಕಾರಣವಾಗಲಾರದು.

ಯಂತ್ರದ ಪಕ್ಷಕ್ಕೆ ಉತ್ತರವು ಚಿಕ್ಕದು. ಇಲ್ಲದ ನದಿಯನ್ನೂ ಇಲ್ಲದ ಸಂಜೆಯನ್ನೂ ಕೃತಕ ಬುದ್ಧಿಮತ್ತೆಯು ಇಂದು ಕ್ಷಣಾರ್ಧದಲ್ಲಿ ತೋರಿಸಬಲ್ಲದು. ಮುದುಕನ ಮುಖದಿಂದ ಅವನು ಆಡದ ಮಾತನ್ನೂ ಆಡಿಸಬಲ್ಲದು. ಸಾಧ್ಯವೇ ಎಂಬುದು ಪ್ರಶ್ನೆಯಲ್ಲ, ಯುಕ್ತವೇ ಎಂಬುದು ಪ್ರಶ್ನೆ. ತನ್ನ ಮುಖವನ್ನು ನಂಬಿ ಒಪ್ಪಿಸಿದವನ ಬಾಯಲ್ಲಿ ಬೇರೊಬ್ಬರ ಮಾತನ್ನಿಡುವುದು ಕಲೆಯಲ್ಲ, ವಿಶ್ವಾಸಘಾತ. ಹತ್ತು ಹೆಜ್ಜೆಯ ಆಚೆಗೆ ಕೃಷ್ಣೆಯು ಹರಿಯುತ್ತಿರುವಾಗ ಗಾಜಿನ ಹಲಗೆಯಲ್ಲಿ ಕೃಷ್ಣೆಯನ್ನು ಬೇಡುವ ವಿದ್ಯಾರ್ಥಿಯು ಸೋಮಾರಿತನಕ್ಕೆ ವಿಜ್ಞಾನವೆಂದು ಹೆಸರಿಟ್ಟಿದ್ದಾನೆ.

ಹೀಗೆಂದು ಮರುಚಿತ್ರೀಕರಣಕ್ಕೆ ಮೇರೆಯೇ ಇಲ್ಲವೆಂದು ತಿಳಿಯಬಾರದು. ಮೊದಲನೆಯ ಮೇರೆಯು ಕೂಲಿ. ಆ ಮುದುಕನು ಎರಡನೆಯ ಸಂಜೆ ಬಂದರೆ ಒಂದು ಪಾಳಿಯನ್ನು ಕಳೆದುಕೊಂಡಾನು. ಚಿತ್ರವು ವಿದ್ಯಾರ್ಥಿಗಳದಾದರೂ ನಷ್ಟವು ಅವನದು. ಅದನ್ನು ತುಂಬಿಕೊಡದೆ ಅವನನ್ನು ಕರೆಯುವ ಅಧಿಕಾರವು ಯಾರಿಗೂ ಇಲ್ಲ. ಎರಡನೆಯ ಮೇರೆಯು ಕಣ್ಣೀರು. ನಟಿಸಿದ ಅಳುವನ್ನು ಹತ್ತು ಬಾರಿ ಬೇಡಬಹುದು. ತನ್ನ ಬದುಕನ್ನು ನೆನೆದು ನಿಜವಾಗಿ ಅತ್ತವನನ್ನು “ಇನ್ನೊಮ್ಮೆ” ಎನ್ನಬಾರದು. ಮೂರನೆಯ ಮೇರೆಯು ಪ್ರಾಣ. ಈ ಸೀಮೆಯ ಕೃಷ್ಣೆಯಲ್ಲಿ ಮೊಸಳೆಗಳಿವೆ. ಬೇಸಗೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಶಾಟಿನ ಆಸೆಯಿಂದ ನೀರಿಗಿಳಿಯುವುದಾಗಲಿ, ಲಾರಿಗಳು ಓಡುವ ದಾರಿಯಲ್ಲಿ ನಿಲ್ಲುವುದಾಗಲಿ ಮೂರ್ಖತನ. ಹಿರಿಯರು ತಡೆಯಬೇಕಾದುದು ಇವನ್ನು, ಮರಳಿ ಹೋಗುವುದನ್ನಲ್ಲ. ತಾಯ್ತಂದೆಗಳಲ್ಲೊಬ್ಬರು ಜೊತೆಗೆ ಹೋಗಿ ದಡದ ನೆರಳಿನಲ್ಲಿ ಕುಳಿತರೆ ಅಂಜಿಕೆಯೂ ಕಳೆಯುತ್ತದೆ, ತಮ್ಮ ಮಕ್ಕಳು ಎಷ್ಟು ಕಷ್ಟದ ವಿದ್ಯೆಯನ್ನು ಕಲಿಯುತ್ತಿರುವರೆಂಬುದೂ ತಿಳಿಯುತ್ತದೆ.

ಎರಡನೆಯ ಸಲ ಹೋಗುವವರು ಬರಿಗೈಯಲ್ಲಿ ಹೋಗಬಾರದೆಂಬುದೂ ಅಷ್ಟೇ ಮುಖ್ಯ. ಮೊದಲ ದಿನದ ತುಣುಕುಗಳನ್ನು ಜೋಡಿಸಿ ನೋಡಿ, ಯಾವ ಶಾಟು ಯಾವ ಕಾರಣಕ್ಕೆ ಸೋತಿತೆಂದು ಒಂದು ಹಾಳೆಯಲ್ಲಿ ಬರೆಯಬೇಕು. ಅದೇ ಗಂಟೆಗೆ, ಅದೇ ಅಂಗಿಯಲ್ಲಿ, ಗೆರೆಯ ಅದೇ ಮಗ್ಗುಲಲ್ಲಿ ನಿಲ್ಲಬೇಕು. ಮುದುಕನಿಗೆ ಮಾತನ್ನು ಕಲಿಸದೆ, ಸಂದರ್ಭವನ್ನು ಹೇಳಿ, ಅವನ ಮಾತನ್ನು ಅವನಿಗೇ ಬಿಡಬೇಕು. ಹೀಗೆ ಮಾಡಿದ ಮರುಚಿತ್ರೀಕರಣವು ಒಂದು ಗಂಟೆಯಲ್ಲಿ ಮುಗಿದೀತು. ಹೀಗೆ ಮಾಡದ ಮರುಚಿತ್ರೀಕರಣವು ಹತ್ತು ಸಂಜೆಗಳನ್ನು ನುಂಗಿಯೂ ಹಳೆಯ ತಪ್ಪನ್ನೇ ಹೆರುತ್ತದೆ. ಅಂತಹ ಅಲೆದಾಟವನ್ನು ಹಿರಿಯರು ಕಾಲಹರಣವೆಂದರೆ ಅದು ಅನ್ಯಾಯವಲ್ಲ.

ವಿದ್ಯಾರ್ಥಿಯು ಮುಂದೆ ಚಿತ್ರನಿರ್ದೇಶಕನಾಗದೆ ಇರಬಹುದು. ಬಹುಮಟ್ಟಿಗೆ ಆಗುವುದೂ ಇಲ್ಲ. ಅವನು ವಿದ್ಯುತ್ ಕೇಂದ್ರದ ಯಂತ್ರಗಳನ್ನು ನೋಡಿಕೊಳ್ಳುವವನಾದಾನು, ವೈದ್ಯನಾದಾನು, ಶಾಲೆಯ ಉಪಾಧ್ಯಾಯನಾದಾನು. ಆದರೆ ತಾನು ಮಾಡಿದುದು ತಪ್ಪೆಂದು ನಾಲ್ವರ ಮುಂದೆ ಒಪ್ಪಿ, ಅದೇ ಬಂಡೆಯ ಬಳಿಗೆ ಮರಳಿ ನಡೆದು, ಅದೇ ಮುದುಕನಿಗೆ ಕೈಮುಗಿದು, “ಅಜ್ಜಾ, ತಪ್ಪು ನಮ್ಮದು, ಇನ್ನೊಮ್ಮೆ ಬರ್ತೀಯೇನು?” ಎಂದು ಕೇಳಿದವನು ಆ ಒಂದು ಸಂಜೆಯಲ್ಲಿ ಕಲಿತುದನ್ನು ಯಾವ ಉದ್ಯೋಗದಲ್ಲಿಯೂ ಮರೆಯಲಾರನು. ಆ ಸಂಜೆಯನ್ನು ಅವನಿಗೆ ನಿರಾಕರಿಸುವ ಮನೆಯು ಚಿತ್ರವೊಂದನ್ನು ಮಾತ್ರ ಕೆಡಿಸುವುದಿಲ್ಲ. ತಪ್ಪನ್ನು ಮುಚ್ಚಿಟ್ಟು ಮುಂದೆ ನಡೆಯುವುದೇ ಜಾಣತನವೆಂಬ ಪಾಠವನ್ನೂ ಕಲಿಸುತ್ತದೆ. ಮರಳಿ ಚಿತ್ರಿಸುವುದು ಅಪಮಾನವಲ್ಲ. ಸುಳ್ಳೆಂದು ತಿಳಿದೂ ಹಾಗೆಯೇ ಬಿಟ್ಟುದನ್ನು ನಾಲ್ವರೆದುರು ತೋರಿಸುವುದೇ ಅಪಮಾನವೆಂಬುದನ್ನು ಸಹೃದಯರು ಮನಗಾಣಲಿ.